ಎಕರೆಯಿಂದ ಚದರಡಿಗೆ

ಎಕರೆಗೆ ನಲವತ್ತು ಗುಂಟೆ, ಗುಂಟೆಗೆ 1,089 ಚದರಡಿ. ಈ ಲೆಕ್ಕ ಉಳುವವನಿಗೆ ಬೇಕಾಗಿಲ್ಲ, ಬ್ರೋಕರಿಗೆ ಬಾಯಿಪಾಠ. ಎಕರೆ-ಗುಂಟೆಯಲ್ಲಿ ಮಾತಾಡುವವರೆಗೆ ಹೊಲವೆಂದರೆ ರಾಗಿ, ಅವರೆ, ಸೊಪ್ಪು. ಚದರಡಿಯಲ್ಲಿ ಮಾತು ಶುರುವಾದ ದಿನ ಅದು ಥರ್ಟಿ ಫಾರ್ಟಿ ಸೈಟು. ಬೆಂಗಳೂರಿನ ಸುತ್ತ ನಲವತ್ತು ವರ್ಷಗಳಿಂದ ಈ ಅಳತೆ ಬದಲಾಗುತ್ತಲೇ ಇದೆ. ನಗರದ ಮಾಸ್ಟರ್ ಪ್ಲಾನ್ ಪರಿಷ್ಕರಣೆಯ ಮಾತು ಎದ್ದಾಗಲೆಲ್ಲ, ಉಳಿದಿರುವ ಹಸಿರು ಪಟ್ಟಿಯನ್ನೂ ವಸತಿಗೆ ಬಿಟ್ಟುಕೊಡಿ ಎಂಬ ಒತ್ತಾಯವೂ ಜೊತೆಗೇ ಏಳುತ್ತದೆ. ನಾನು ಅದನ್ನು ವಿರೋಧಿಸುತ್ತೇನೆ. ಮನೆಯಿಲ್ಲದವರ ಹೆಸರು ಹೇಳಿ ಸೈಟಿನ ವ್ಯಾಪಾರ ಮಾಡುವ ಈ ಆಟವನ್ನು ನಾವು ಬೇಕಾದಷ್ಟು ನೋಡಿದ್ದೇವೆ.

ಹಸಿರು ಪಟ್ಟಿ ಯಾರೋ ಪರಿಸರವಾದಿಗಳ ಕನಸಲ್ಲ, ಸರ್ಕಾರವೇ ಎಳೆದ ಗೆರೆ. 1984ರ ಸಮಗ್ರ ಅಭಿವೃದ್ಧಿ ಯೋಜನೆಯಲ್ಲಿ ಸುಮಾರು 1,279 ಚದರ ಕಿಲೋಮೀಟರ್ ಪ್ರದೇಶದ ಮೂರನೇ ಎರಡು ಭಾಗವನ್ನು ಹಸಿರು ಪಟ್ಟಿಯೆಂದು ಗುರುತಿಸಲಾಗಿತ್ತು. 1995ರ ಪರಿಷ್ಕರಣೆಯ ಹೊತ್ತಿಗೆ ಅದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಎನ್ನುವಲ್ಲಿಗೆ ಇಳಿದಿತ್ತು. 2007ರಲ್ಲಿ ಒಪ್ಪಿಗೆ ಪಡೆದ ಯೋಜನೆಯಲ್ಲಿ ಇನ್ನಷ್ಟು ಕುಗ್ಗಿ, ಹೆಸರನ್ನೂ ಕಳೆದುಕೊಂಡು 'ಕೃಷಿ ವಲಯ' ಆಯಿತು. ಭಾಷೆಯ ಬಗ್ಗೆ ಆಸಕ್ತಿ ಇರುವವರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಪಟ್ಟಿ ಎಂದಾಗ ಊರಿನ ಸುತ್ತ ಒಂದು ಮಿತಿ ಇದೆ, ಅದನ್ನು ದಾಟಬಾರದು ಎಂಬ ಅರ್ಥವಿತ್ತು. ಕೃಷಿ ವಲಯ ಎಂದರೆ ಕೃಷಿ ನಿಂತಲ್ಲಿ ವಲಯವೂ ನಿಂತಿತು. ಬೋರ್‌ವೆಲ್ ಬತ್ತಿಸಿ, ನಾಲ್ಕು ವರ್ಷ ಬೀಳುಬಿಟ್ಟು, 'ಇಲ್ಲಿ ಈಗ ಯಾರು ಸ್ವಾಮಿ ಬೇಸಾಯ ಮಾಡ್ತಾರೆ' ಎಂದು ಕೇಳಿದರೆ ಸಾಕು.

ಆ 2007ರ ಯೋಜನೆಯ ಗುರಿ ಇದ್ದದ್ದು 2015ರವರೆಗೆ. 2031ಕ್ಕೆಂದು 2017ರಲ್ಲಿ ಪ್ರಕಟವಾದ ಕರಡನ್ನು 2020ರಲ್ಲಿ ಕೈಬಿಡಲಾಯಿತು. ಅವಧಿ ಮುಗಿದ ನಕ್ಷೆಯನ್ನಿಟ್ಟುಕೊಂಡು ನಗರ ಬೆಳೆಯುತ್ತಿರುವಾಗ ಒಂದೊಂದೇ ಸರ್ವೆ ನಂಬರು ಭೂಪರಿವರ್ತನೆಯ ಬಾಗಿಲಿನಿಂದ ಹೊರಬೀಳುತ್ತದೆ. 2020ರಲ್ಲೇ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳೂ ಹೋದವು. ಬೇಸಾಯ ಗೊತ್ತಿಲ್ಲದವರೂ, ಎಷ್ಟೇ ಆದಾಯ ಇರುವವರೂ ಕೃಷಿ ಜಮೀನು ಕೊಳ್ಳಬಹುದು. ಕೊಂಡವರೆಲ್ಲ ರಾಗಿ ಬಿತ್ತಲು ಬಂದಿದ್ದಾರೆಂದು ನಂಬುವಷ್ಟು ಮುಗ್ಧರು ನಮ್ಮಲ್ಲಿ ಯಾರಿದ್ದಾರೆ?

ಮನೆ ಬೇಕು ಎಂಬ ವಾದವನ್ನು ನಾನು ಹಗುರವಾಗಿ ನೋಡುವುದಿಲ್ಲ. ಈ ಊರಿಗೆ ದುಡಿಯಲು ಬರುವವರಿಗೆ ಸೂರು ಬೇಕೇ ಬೇಕು. ಆದರೆ ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ಹೆಣ್ಣುಮಗಳಿಗೆ ಬೇಕಿರುವುದು ಕೆಲಸದ ಹತ್ತಿರ, ಬಸ್ಸಿನ ದಾರಿಯಲ್ಲಿ, ಅವಳ ಸಂಬಳಕ್ಕೆ ಎಟುಕುವ ಬಾಡಿಗೆ ಮನೆ. ಅವಳು ಇಪ್ಪತ್ತು ಕಿಲೋಮೀಟರ್ ಆಚೆ ಗೇಟು ಹಾಕಿದ ಬಡಾವಣೆಯಲ್ಲಿ ಸೈಟು ಕೊಳ್ಳುವುದಿಲ್ಲ. ಕೊಳ್ಳುವವರಲ್ಲಿ ಅನೇಕರಿಗೆ ಒಂದು ಮನೆ ಆಗಲೇ ಇರುತ್ತದೆ, ಇದು ಮಕ್ಕಳ ಮದುವೆಗೋ ಓದಿಗೋ ಮಾಡಿಟ್ಟ ಗಂಟು. ದೊಡ್ಡಬಳ್ಳಾಪುರದ ಕಡೆಗೋ ಮಾಗಡಿಯ ಕಡೆಗೋ ಒಮ್ಮೆ ಹೋಗಿ ಬನ್ನಿ. ಕಮಾನು, ಡಾಂಬರು ರಸ್ತೆ, ನಂಬರು ಬರೆದ ಕಲ್ಲು ಎಲ್ಲ ಇದೆ, ಮನೆ ಇಲ್ಲ. ಕಲ್ಲುಗಳ ನಡುವೆ ಪಾರ್ಥೇನಿಯಂ ಬೆಳೆದಿದೆ. ಸರ್ಕಾರಿ ಬಡಾವಣೆಗಳ ಕತೆಯೂ ಭಿನ್ನವಲ್ಲ. 2003-04ರಲ್ಲಿ ಅಧಿಸೂಚನೆಯಾದ ಅರ್ಕಾವತಿ ಬಡಾವಣೆಯ ವ್ಯಾಜ್ಯಗಳು ಎರಡು ದಶಕ ಕಳೆದರೂ ಜನರನ್ನು ಅಲೆಸಿವೆ. ಇರುವ ಬಡಾವಣೆಯಲ್ಲಿ ಮನೆ ಎಬ್ಬಿಸಲಾಗದವರು ಹೊಸ ಹೊಲ ಕೇಳುವುದು ಯಾವ ನ್ಯಾಯ?

ಅರ್ಕಾವತಿ ಎಂಬ ಹೆಸರಿನ ಹಿಂದೆ ಒಂದು ನದಿಯಿದೆ. ನಂದಿಬೆಟ್ಟದಲ್ಲಿ ಹುಟ್ಟಿ, ಹೆಸರಘಟ್ಟವನ್ನು ತುಂಬಿ, ಕುಮುದ್ವತಿಯನ್ನು ಕೂಡುವ ನದಿ. ಅವೆರಡೂ ಕೂಡುವಲ್ಲಿ 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಕಟ್ಟಿದರು. ಬೆಂಗಳೂರು ಅದರ ನೀರು ಕುಡಿದೇ ಬೆಳೆಯಿತು. ಅದರ ಜಲಾನಯನ ಪ್ರದೇಶದಲ್ಲಿ ಕಟ್ಟಡ, ಕೈಗಾರಿಕೆಗಳಿಗೆ ಮಿತಿ ಹೇರಿ 2003ರಲ್ಲಿ ಸರ್ಕಾರ ಅಧಿಸೂಚನೆ ಹೊರಡಿಸಿತು. ಮಿತಿ ಸಡಿಲಿಸಿ ಎಂಬ ಒತ್ತಡ ಅಂದಿನಿಂದ ನಿಂತಿಲ್ಲ. 2012ರ ಕೊನೆಗೆ ಆ ನೀರನ್ನು ಕುಡಿಯಲು ಕೊಡುವುದೇ ನಿಂತಿತು. ಇದಕ್ಕೆ ಲೇಔಟುಗಳಷ್ಟೇ ಕಾರಣವಲ್ಲ. ನೀಲಗಿರಿ ತೋಪು, ಬೋರ್‌ವೆಲ್, ಕಾರ್ಖಾನೆಯ ಕೊಳೆ ಎಲ್ಲಕ್ಕೂ ಪಾಲಿದೆ. ಆದರೆ ಕಾಲುವೆ ಮುಚ್ಚಿ, ಗುಂಡುತೋಪು ಕಡಿದು, ಮಣ್ಣಿನ ಮೇಲೆ ಕಾಂಕ್ರೀಟು ಹೊದಿಸಿದ ಮೇಲೆ ಆ ಹಳ್ಳ ಮತ್ತೆ ಹರಿಯುವ ಆಸೆಯೂ ಉಳಿಯುವುದಿಲ್ಲ. ಈಗ ಕಾವೇರಿಯನ್ನು ಸುಮಾರು ನೂರು ಕಿಲೋಮೀಟರ್ ದೂರದಿಂದ ಮೇಲಕ್ಕೆತ್ತಿ ತರುತ್ತಿದ್ದೇವೆ. 2024ರ ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದವರಿಗೆ ಈ ಪಾಠವನ್ನು ಬೇರೆಯಾಗಿ ಹೇಳಬೇಕಿಲ್ಲ. ಖಾಲಿ ಬಿದ್ದಿದೆ ಎಂದು ನಾವು ಕರೆಯುವ ಜಾಗ ನಿಜವಾಗಿ ನೀರು ಇಂಗುವ ಜಾಗ.

ಎಲ್ಲಕ್ಕಿಂತ ಗಟ್ಟಿಯಾದ ಎದುರುವಾದ ರೈತನದು. 'ನಮ್ಮ ಜಮೀನು ಮಾರೋಕೆ ನಿಮ್ಮದೇನು ತಕರಾರು? ನಿಮಗೆ ಹಸಿರು ಬೇಕು, ನಮಗೆ ಸಾಲ ತೀರಬೇಕು.' ಈ ಮಾತಿಗೆ ಫ್ಲ್ಯಾಟಿನಲ್ಲಿ ಕೂತು ಹಸಿರಿನ ಬೋಧನೆ ಮಾಡುವುದು ಉತ್ತರವಲ್ಲ. ಗೆರೆಯ ಆಚೆಗಿರುವವನಿಗೆ ಕೋಟಿ, ಈಚೆಗಿರುವವನಿಗೆ ಲಕ್ಷ ಎಂಬುದು ಅನ್ಯಾಯವೇ ಸರಿ. ಆದರೆ ಪರಿವರ್ತನೆಯ ಲಾಭ ಅವನ ಕೈ ಸೇರುವುದು ಅಪರೂಪ. ಹಸಿರು ಪಟ್ಟಿಯೆಂದು ಹೆದರಿಸಿ ಎಕರೆ ಲೆಕ್ಕದಲ್ಲಿ ಕೊಳ್ಳುವವನು, ಗೆರೆ ಅಳಿಸಿ ಚದರಡಿ ಲೆಕ್ಕದಲ್ಲಿ ಮಾರುವವನು ಒಬ್ಬನೇ. ನಗರಕ್ಕೆ ನೀರು, ಗಾಳಿ, ಸೊಪ್ಪು ತರಕಾರಿ ಕೊಡುವ ನೆಲವನ್ನು ಉಳಿಸಿಕೊಂಡವನಿಗೆ ನಗರ ವರ್ಷವರ್ಷವೂ ದುಡ್ಡು ಕೊಡಲಿ, ಬೆಳೆಗೆ ಬೆಲೆ ಕೊಡಲಿ. ಎಲ್ಲ ರೈತರೂ ಮಾರಲು ತುದಿಗಾಲಲ್ಲಿ ನಿಂತಿದ್ದಾರೆ ಎಂಬುದೂ ಸುಳ್ಳು. ಕೈಗಾರಿಕೆಗೆಂದು 1,777 ಎಕರೆ ಕೇಳಿದಾಗ ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ ಜನ ಸಾವಿರಕ್ಕೂ ಹೆಚ್ಚು ದಿನ ಧರಣಿ ಕೂತರು. 2025ರ ಜುಲೈಯಲ್ಲಿ ಸರ್ಕಾರ ಆ ಭೂಸ್ವಾಧೀನವನ್ನು ಕೈಬಿಟ್ಟಿತು. ಒಪ್ಪಿ ಕೊಡುವವರಿಂದ ಕೊಳ್ಳುತ್ತೇವೆ ಎಂಬ ಬಾಲ ಆ ಘೋಷಣೆಗೂ ಇತ್ತು ಎನ್ನುವುದನ್ನು ಮರೆಯಬಾರದು.

'ಹೇಗೂ ಹಾಳಾಗಿದೆ, ಇನ್ನು ಉಳಿಸಿ ಏನು ಫಲ?' ಎನ್ನುವವರೂ ಇದ್ದಾರೆ. ಅಕ್ರಮ-ಸಕ್ರಮದ ತತ್ವವೇ ಇದು: ಮೊದಲು ಕಟ್ಟು, ಆಮೇಲೆ ದಂಡ ಕಟ್ಟು. 2017ರಲ್ಲಿ ಸುಪ್ರೀಂ ಕೋರ್ಟು ಆ ಯೋಜನೆಗೆ ತಡೆ ಕೊಟ್ಟಿತು, ಆದರೆ ಮನಸ್ಸುಗಳಲ್ಲಿ ಅದು ಜಾರಿಯಲ್ಲೇ ಇದೆ.

ಸಾಹಿತ್ಯದ ಓದುಗರಾದ ನಮಗೆ ಚುಚ್ಚಬೇಕಾದ ಒಂದು ಸಂಗತಿ. ಯಲಹಂಕ, ಹೆಸರಘಟ್ಟದ ಕಡೆ 17 ಹಳ್ಳಿಗಳ 3,546 ಎಕರೆಯಲ್ಲಿ ಯೋಜಿಸಿದ ಬಡಾವಣೆಗೆ ಡಾ. ಶಿವರಾಮ ಕಾರಂತರ ಹೆಸರಿಟ್ಟಿದ್ದಾರೆ. ಕೈಗಾ ಅಣುಸ್ಥಾವರವನ್ನು ವಿರೋಧಿಸಿದವರು, 1989ರಲ್ಲಿ ಪರಿಸರದ ಪ್ರಶ್ನೆ ಹಿಡಿದು ಲೋಕಸಭೆಗೆ ನಿಂತು ಸೋತವರು, ಉಳಲು ಒಂದು ತುಂಡು ನೆಲ ಬಯಸಿದ ಚೋಮನನ್ನು ನಮಗೆ ಕೊಟ್ಟವರು. ಅವರ ಹೆಸರು ಈಗ ಸೈಟಿನ ವಿಳಾಸ. ನದಿಯನ್ನೂ ಲೇಖಕನನ್ನೂ ನಾವು ಗೌರವಿಸುವ ರೀತಿ ಒಂದೇ ಆಗಿಬಿಟ್ಟಿದೆ.

ಹಾಗಾದರೆ ಏನು ಮಾಡಬೇಕು? ಹೊಸ ಮಾಸ್ಟರ್ ಪ್ಲಾನಿನಲ್ಲಿ ಹಸಿರು ಪಟ್ಟಿಗೆ ಅದರ ಹೆಸರನ್ನೂ ಗೆರೆಯನ್ನೂ ವಾಪಸು ಕೊಡಬೇಕು. ಆಗಲೇ ಮಾಡಿರುವ ಬಡಾವಣೆಗಳು ತುಂಬುವ ತನಕ ಹೊಸದಕ್ಕೆ ಒಪ್ಪಿಗೆ ಕೂಡದು. ನಮ್ಮಿಂದ ಆಗುವ ಸಣ್ಣ ಕೆಲಸವೂ ಒಂದಿದೆ. ನಗರ ಯೋಜನಾ ಕಾಯ್ದೆಯ 14ಎ ಕಲಮಿನ ಪ್ರಕಾರ ಭೂಬಳಕೆ ಬದಲಿಸುವ ಮುನ್ನ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕರೆಯಬೇಕು. ಒಳಪುಟದ ಮೂಲೆಯಲ್ಲಿ, ಕಣ್ಣಿಗೆ ಕಾಣದ ಅಕ್ಷರಗಳಲ್ಲಿ, 'ಕೃಷಿ ವಲಯದಿಂದ ವಸತಿ ವಲಯಕ್ಕೆ' ಎಂದು ಅದು ಅಚ್ಚಾಗುತ್ತದೆ. ಕತೆ, ಕವಿತೆಯನ್ನು ಸಾಲುಸಾಲಾಗಿ ಬಿಡಿಸಿ ಓದುವ ನಾವು ಆ ಒಂದು ಸಾಲನ್ನೂ ಓದೋಣ. ಸರ್ವೆ ನಂಬರು ಬರೆದುಕೊಂಡು, ಎರಡು ಪುಟದ ಆಕ್ಷೇಪಣೆ ಬರೆದು, ಸ್ವೀಕೃತಿಯ ಸೀಲು ಹಾಕಿಸಿಕೊಂಡು ಬರೋಣ. ಯಾರೂ ಆಕ್ಷೇಪಿಸಲಿಲ್ಲ ಎಂದು ಮುಂದೆ ಕಡತದಲ್ಲಿ ಬರೆಯಲು ಅವರಿಗೆ ಆಗಬಾರದು.