‘ಬೇಡ’ ಅನ್ನುವುದೂ ಒಂದು ಕೆಲಸ

‘ಲೇಕ್ ಎಲ್ಲಿ?’

ಕಾರಿನಿಂದ ಇಳಿದವನೇ ಮಾವನ ಮಗ ಕೇಳಿದ ಮೊದಲ ಪ್ರಶ್ನೆ ಅದು. ತಪ್ಪು ಅವನದಲ್ಲ. ನಮ್ಮ ಹೋಂಸ್ಟೇಯ ಇನ್‌ಸ್ಟಾಗ್ರಾಂ ಪುಟದಲ್ಲಿರುವ ಫೋಟೊದಲ್ಲಿ ನೀರು ಜಗಲಿಯ ಮೆಟ್ಟಿಲಿಗೆ ತಾಗುವಷ್ಟು ಹತ್ತಿರ ಕಾಣುತ್ತದೆ. ಅದನ್ನು ತೆಗೆದವನು ನಾನೇ, ಮಳೆಗಾಲ ಮುಗಿದ ಅಕ್ಟೋಬರ್‌ನಲ್ಲಿ. ಇವರು ಬಂದದ್ದು ಮೇ ತಿಂಗಳಲ್ಲಿ. ಜಗಲಿಯಲ್ಲಿ ನಿಂತರೆ ಎದುರಿಗೆ ಕೆಂಪು ಮಣ್ಣಿನ ಇಳಿಜಾರು, ಬಿರುಕು ಬಿಟ್ಟ ಕೆಸರು, ಅಲ್ಲಲ್ಲಿ ಕರಿ ಮರದ ಬೊಡ್ಡೆಗಳು. ಅದೆಲ್ಲ ದಾಟಿದ ಮೇಲೆ, ತುಂಬಾ ಕೆಳಗೆ, ನೀರು.

ಜೋಯಿಡಾ ತಾಲ್ಲೂಕಿನಲ್ಲಿ ಸೂಪಾ ಹಿನ್ನೀರಿನ ದಂಡೆಯ ಒಂದು ಹೋಂಸ್ಟೇಯಲ್ಲಿ ಎರಡು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಬಿ.ಕಾಂ. ಓದಿದ್ದು ದಾಂಡೇಲಿಯಲ್ಲಿ. ವಾರದ ನಡುವೆ ಬುಕಿಂಗ್ ಇಲ್ಲದ ದಿನ ನೋಡಿ ಮಾಲೀಕರೇ ‘ನಿಮ್ಮ ಮನೆಯವರನ್ನು ಕರೆದುಕೊಂಡು ಬಾ’ ಅಂದಿದ್ದರು. ಹಾಗಾಗಿ ಬೆಂಗಳೂರಿನ ಮಾವ, ಅತ್ತೆ, ಅವರ ಇಬ್ಬರು ಮಕ್ಕಳು, ನಮ್ಮ ಅವ್ವ, ಅಜ್ಜಿ ಎಲ್ಲರೂ ಅವತ್ತು ಅಲ್ಲಿಗೆ ಬಂದಿದ್ದರು. (ಮನೆಯಲ್ಲಿ ನಾವು ಆಡುವುದು ಕೊಂಕಣಿ. ಇಲ್ಲಿರುವ ಮಾತುಗಳನ್ನೆಲ್ಲ ನಾನು ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ಬರೆಯುತ್ತಿದ್ದೇನೆ.)

ಮುರುಗಲು ಶರಬತ್ತು ಕುಡಿಯುತ್ತಾ ಮಾವ ಎರಡನೇ ಪ್ರಶ್ನೆ ಕೇಳಿದರು. ಅದು ಬಂದೇ ಬರುತ್ತದೆ ಎಂದು ನನಗೆ ಗೊತ್ತಿತ್ತು.

‘ಮತ್ತೆ, ಮುಂದೇನು? ಎಷ್ಟು ದಿನ ಇಲ್ಲೇ ಇರ್ತೀಯಾ?’

‘ಕೆಲಸ ಮಾಡ್ತಾ ಇದ್ದೀನಲ್ಲ ಮಾವ.’

‘ಇದಲ್ಲಪ್ಪಾ. ಕೆಲಸ, ಕೆಲಸ!’

ಎರಡು ಸಲ ಹೇಳಿದರೆ ಅರ್ಥವಾಗುತ್ತದೆ ಎಂಬಂತೆ ಹೇಳಿದರು. ಅತ್ತೆ ಪಾಪ, ಮಾತು ತಿರುಗಿಸಲು ‘ಎಷ್ಟು ಚಂದದ ಜಾಗ, ನೀನೇ ಪುಣ್ಯವಂತ’ ಅಂದರು. ಬಂದವರು ಹೇಳುವುದು ಈ ಎರಡರಲ್ಲಿ ಒಂದು. ಒಂದೋ ನಾನು ಪುಣ್ಯವಂತ, ಇಲ್ಲವೇ ಕೆಲಸವಿಲ್ಲದವನು. ಕೆಲವರು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ.

ಮಾವನ ತಲೆಮಾರಿಗೆ ಕೆಲಸ ಅಂದರೆ ದಾಂಡೇಲಿಯ ಪೇಪರ್ ಮಿಲ್ಲಿನಲ್ಲಿ ಪರ್ಮನೆಂಟ್ ಆಗುವುದು, ಅದಾಗದಿದ್ದರೆ ಬಸ್ಸು ಹತ್ತುವುದು. ನನ್ನ ಜೊತೆ ಓದಿದವರಲ್ಲೂ ಬಹಳ ಮಂದಿ ಬಸ್ಸು ಹತ್ತಿದ್ದಾರೆ. ಹಳಿಯಾಳದ ಗೆಳೆಯ ಪುಣೆಯಲ್ಲಿದ್ದಾನೆ, ಜೋಯಿಡಾದ ಇಬ್ಬರು ಗೋವಾದಲ್ಲಿ. ಮುಂಡಗೋಡದವನೊಬ್ಬ ಮಾತ್ರ ಊರಲ್ಲೇ ಉಳಿದು, ಟಿಬೆಟನ್ ಕ್ಯಾಂಪ್ ನೋಡಲು ಬರುವವರಿಗೆ ಕಾರು ಓಡಿಸುತ್ತಾನೆ. ‘ಸದ್ಯಕ್ಕೆ ಏನೂ ಮಾಡ್ತಿಲ್ಲ, ಗಾಡಿ ಓಡಿಸ್ತಾ ಇದ್ದೀನಿ’ ಅನ್ನುವುದು ಅವನ ರೂಢಿ. ತಿಂಗಳಿಗೆ ಇಪ್ಪತ್ತೈದು ದಿನ ದುಡಿಯುವವನು ಹೀಗೆ ಹೇಳುತ್ತಾನೆ!

ಊಟಕ್ಕೆ ಮೊದಲು ಮಕ್ಕಳು ನೀರಿಗೆ ಹೊರಟರು. ದೊಡ್ಡವನು ಬೆಂಗಳೂರಿನಲ್ಲಿ ಎರಡು ವರ್ಷ ಈಜು ಕಲಿತವನು. ಚಿಕ್ಕವಳಿಗೆ ಎಂಟು ವರ್ಷ. ಟವೆಲ್ ಹೆಗಲ ಮೇಲೆ ಹಾಕಿಕೊಂಡು ಇಳಿಜಾರು ಇಳಿಯುತ್ತಿದ್ದವರನ್ನು ನಾನು ತಡೆದೆ.

‘ಬೇಡ. ಇಲ್ಲಿ ಇಳಿಯೋ ಹಾಗಿಲ್ಲ.’

‘ನೀರು ಸುಮ್ಮನೇ ಇದೆಯಲ್ಲ’ ಎಂದ ಅವನು. ಸುಮ್ಮನೇ ಇತ್ತು ನಿಜ. ಅದನ್ನು ನಂಬಿಯೇ ಎಲ್ಲರೂ ಇಳಿಯುವುದು.

ಇದು ಕೆರೆಯಲ್ಲ, ಈಜುಕೊಳವಂತೂ ಅಲ್ಲವೇ ಅಲ್ಲ. ಕಾಳಿ ನದಿಗೆ ಗಣೇಶಗುಡಿಯ ಹತ್ತಿರ 101 ಮೀಟರ್ ಎತ್ತರದ ಅಣೆಕಟ್ಟು ಕಟ್ಟಿ ನಿಲ್ಲಿಸಿದ ನೀರು. 1987ರಲ್ಲಿ ಅದು ಪೂರ್ತಿಯಾಯಿತು. ನೀರಿನ ಅಡಿಯಲ್ಲಿ ಇರುವುದು ಗುಡ್ಡಗಳ ಸಂದು. ಕೆರೆಯ ಏರಿಯಿಂದ ಇಳಿದ ಹಾಗೆ ಮೆಲ್ಲಗೆ ಆಳವಾಗುವುದಿಲ್ಲ. ನಾಲ್ಕು ಹೆಜ್ಜೆಯವರೆಗೆ ಮೊಣಕಾಲಷ್ಟಿದ್ದದ್ದು ಐದನೆಯ ಹೆಜ್ಜೆಗೆ ಹಳೆಯ ಗದ್ದೆಯ ಅಂಚಿನಿಂದ ಧಡಕ್ಕನೆ ಕೆಳಗಿಳಿಯಬಹುದು. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ದಂಡೆಯ ಮೇಲಿನ ಮಣ್ಣು ಒಣಗಿದಂತೆ ಕಂಡರೂ ಒಳಗೆ ಹಸಿಯಾಗಿರುತ್ತದೆ. ಕಾಲು ಹೂತರೆ ಎಳೆದುಕೊಳ್ಳುವುದಕ್ಕೂ ನೆಲ ಗಟ್ಟಿ ಸಿಗುವುದಿಲ್ಲ. ಬೊಡ್ಡೆಗಳು ಬೇರೆ. ಈಜು ಬರುವವನಿಗೂ ಇವೆಲ್ಲ ಒಂದೇ.

ಹೇಳಿದೆ. ಮಾವನಿಗೆ ಸಿಟ್ಟು ಬಂತು. ‘ಹತ್ತು ಗಂಟೆ ಕಾರು ಓಡಿಸಿಕೊಂಡು ಬಂದಿದ್ದೀವಿ. ಮಕ್ಕಳು ಕಾಲಾದ್ರೂ ಅದ್ದಲಿ. ನಾವು ಚಿಕ್ಕವರಿದ್ದಾಗ ಇದೇ ಹೊಳೆಯಲ್ಲಿ ಬಿದ್ದು ಎದ್ದವರು’ ಅಂದರು.

ದಿನಾ ಗಿರಾಕಿಗಳು ಆಡುವ ಮಾತನ್ನೇ ಅವತ್ತು ಮಾವನ ಬಾಯಲ್ಲಿ ಕೇಳಿದೆ. ಗಿರಾಕಿಗಾದರೆ ನಕ್ಕು, ಕೈಮುಗಿದು ‘ಸರ್, ರೂಲ್ಸ್’ ಅನ್ನಬಹುದು. ಚಿಕ್ಕಂದಿನಲ್ಲಿ ನನ್ನನ್ನು ಹೆಗಲ ಮೇಲೆ ಹೊತ್ತು ಉಳವಿ ಜಾತ್ರೆ ತೋರಿಸಿದ ಮಾವನಿಗೆ ಏನೆನ್ನಲಿ? ಗಂಟಲು ಒಣಗಿತು. ಆದರೂ ದಾರಿಗೆ ಅಡ್ಡ ನಿಂತೆ. ನಮ್ಮಲ್ಲಿದ್ದ ಲೈಫ್ ಜಾಕೆಟ್‌ಗಳೆಲ್ಲ ದೊಡ್ಡವರ ಅಳತೆಯವು, ಎಂಟು ವರ್ಷದ ಹುಡುಗಿಗೆ ಹಾಕಿದರೆ ತಲೆಯ ಮೇಲಿಂದ ಜಾರಿ ಬರುತ್ತಿದ್ದವು ಎಂಬುದೂ ನನಗೆ ಮಾತ್ರ ಗೊತ್ತಿತ್ತು.

ಕಾಳಿಯಲ್ಲಿ ಹೀಗೆ ಬಂದು ಹೋದವರ ಸುದ್ದಿ ನೀವೂ ಓದಿರುತ್ತೀರಿ. 2024ರ ಏಪ್ರಿಲ್‌ನಲ್ಲಿ ದಾಂಡೇಲಿ ಹತ್ತಿರದ ಅಕೋಡಾದಲ್ಲಿ ಹುಬ್ಬಳ್ಳಿಯಿಂದ ಬಂದಿದ್ದ ಒಂದೇ ಕುಟುಂಬದ ಆರು ಮಂದಿ ನೀರುಪಾಲಾದರು. ಅವರೂ ನಮ್ಮ ಮಾವನಂತೆ ಬೇಸಿಗೆಯ ಒಂದು ದಿನ ಮಕ್ಕಳನ್ನು ಕರೆದುಕೊಂಡು ಹೊಳೆಗೆ ಬಂದವರು. ಆ ಸುದ್ದಿ ಬಂದ ಮೇಲೆ ಎಷ್ಟೋ ದಿನ ನನಗೆ ಜಗಲಿಯಿಂದ ನೀರು ನೋಡಲು ಮನಸ್ಸಾಗಿರಲಿಲ್ಲ.

ಜಗಳ ಬಿಡಿಸಿದ್ದು ಅಜ್ಜಿ. ಜಗಲಿಯ ಕಂಬಕ್ಕೆ ಒರಗಿ ಕೂತಿದ್ದವಳು ಬೆರಳು ತೋರಿಸಿ ‘ಅಲ್ಲೇ ಸೂಪಾ’ ಎಂದಳು. ಮಕ್ಕಳು ನೀರಿನತ್ತ ನೋಡಿದರು. ‘ಎಲ್ಲಿ?’ ‘ಒಳಗೆ.’

ಸೂಪಾ ಅನ್ನುವುದು ಅಣೆಕಟ್ಟಿಗೆ ಯಾರೋ ಇಟ್ಟ ಹೆಸರು ಅಂದುಕೊಂಡಿದ್ದರು ಅವರು. ಅದೊಂದು ಊರು. ಕಾಳಿಗೆ ಪಾಂಢರಿ ಹೊಳೆ ಕೂಡುವ ಜಾಗದಲ್ಲಿದ್ದ ತಾಲ್ಲೂಕು ಕೇಂದ್ರ. ನೀರು ತುಂಬಿದ ಮೇಲೆ ಕಚೇರಿಗಳು ಜೋಯಿಡಾಕ್ಕೆ ಬಂದವು, ಜನ ರಾಮನಗರಕ್ಕೂ ಬೇರೆ ಕಡೆಗೂ ಹೋದರು. ಅಜ್ಜಿ ಮದುವೆಯಾಗಿ ಬಂದ ಹೊಸತರಲ್ಲಿ ಸೂಪಾ ಸಂತೆಗೆ ನಡೆದು ಹೋಗುತ್ತಿದ್ದಳಂತೆ. ಬಳೆ ಎಲ್ಲಿ ಕೊಂಡೆ, ಉಪ್ಪು ಎಲ್ಲಿ ಕೊಂಡೆ ಎಂದು ನೀರಿನ ಮೇಲೆ ಬೆರಳಾಡಿಸಿ ತೋರಿಸಿದಳು. ಚಿಕ್ಕವಳು ಅವಳ ಪಕ್ಕ ಕೂತೇಬಿಟ್ಟಳು. ದೊಡ್ಡವನು ಟವೆಲ್ ಹಗ್ಗಕ್ಕೆ ಹಾಕಿದ. ಮಾವ ಮಾತಾಡಲಿಲ್ಲ, ಊಟದಲ್ಲಿ ಅಕ್ಕಿ ಭಾಕ್ರಿ ಮಾತ್ರ ಮೂರು ಹಾಕಿಸಿಕೊಂಡರು.

ಸಂಜೆ ಎಲ್ಲರನ್ನೂ ಗಣೇಶಗುಡಿಗೆ, ಅಣೆಕಟ್ಟಿನ ಕೆಳಗಿನ ಹೊಳೆ ನೋಡಲು ಕರೆದುಕೊಂಡು ಹೋದೆ. ಬೆಳಗ್ಗೆ ಬರುವಾಗ ಇದೇ ಜಾಗದಲ್ಲಿ ಕಾರು ನಿಲ್ಲಿಸಿ ಒಂದು ದೊಡ್ಡ ಬಂಡೆಯ ಮೇಲೆ ಕೂತು ಫೋಟೊ ತೆಗೆಸಿಕೊಂಡಿದ್ದರು. ಆ ಬಂಡೆ ಕಾಣಲಿಲ್ಲ.

ಮಾವ ಫೋನ್ ತೆಗೆದು ಬೆಳಗಿನ ಫೋಟೊ ನೋಡಿದರು, ಹೊಳೆ ನೋಡಿದರು. ‘ಮಳೆ ಎಲ್ಲೂ ಬಂದಿಲ್ಲವಲ್ಲ?’

ಮಳೆ ಬೇಕಿಲ್ಲ. ಅಣೆಕಟ್ಟಿನ ಬುಡದಲ್ಲಿ ತಲಾ 50 ಮೆಗಾವಾಟ್‌ನ ಎರಡು ಯಂತ್ರಗಳಿವೆ. ಅವು ತಿರುಗಿದಾಗ ನೀರು ಹೊಳೆಗೆ ಬರುತ್ತದೆ, ನಿಂತಾಗ ಹೊಳೆ ಇಳಿಯುತ್ತದೆ. ಬೇಸಿಗೆಯಲ್ಲಿ ಇಲ್ಲಿ ರಾಫ್ಟಿಂಗ್ ನಡೆಯುವುದೇ ಆ ನೀರಿನಿಂದ. ಅದೇ ನೀರು ಮುಂದೆ ಬೊಮ್ಮನಹಳ್ಳಿ ಜಲಾಶಯ ಸೇರಿ, ಸುರಂಗದೊಳಗೆ ಹೋಗಿ ನಾಗಝರಿಯಲ್ಲಿ ಮತ್ತೆ ಕರೆಂಟಾಗಿ, ಕೊಡಸಳ್ಳಿ, ಕದ್ರಾ ದಾಟಿ ಕಾರವಾರದಲ್ಲಿ ಸಮುದ್ರಕ್ಕೆ ಹೋಗುತ್ತದೆ. ಯಂತ್ರ ಯಾವಾಗ ತಿರುಗಬೇಕು ಎಂಬುದು ರಾಜ್ಯಕ್ಕೆ ಯಾವಾಗ ಕರೆಂಟು ಬೇಕು ಎಂಬುದರ ಮೇಲೆ. ‘ನೀವು ಬೆಂಗಳೂರಿನಲ್ಲಿ ಏಸಿ ಹಾಕಿದರೆ ಇಲ್ಲಿ ಹೊಳೆ ಏರುತ್ತದೆ ಮಾವ’ ಅಂದೆ. ತಮಾಷೆಗೆ ಅಂದದ್ದು, ಪೂರ್ತಿ ತಮಾಷೆಯೂ ಅಲ್ಲ.

ದಾಂಡೇಲಿ ಕಡೆ ಹೋದರೆ ಮೊಸಳೆಗಳೂ ಇವೆ ಎಂದೆ. ಹುಡುಗ ಕಣ್ಣರಳಿಸಿದ. ಅದನ್ನು ಬೆಳಗ್ಗೆಯೇ ಹೇಳಿದ್ದರೆ ಜಗಳವೇ ಆಗುತ್ತಿರಲಿಲ್ಲವೇನೋ.

ಇದನ್ನು ಬರೆಯಲು ಕೂತ ಕಾರಣಕ್ಕೆ ಬರುತ್ತೇನೆ. ನೀರು ಎಲ್ಲಿ ಏರುತ್ತದೆ, ಯಾವ ದಂಡೆ ಹೂತುಕೊಳ್ಳುತ್ತದೆ, ಯಾವ ಹೊತ್ತಿಗೆ ಯಾರನ್ನು ಎಲ್ಲಿಂದ ಎಬ್ಬಿಸಬೇಕು ಎಂಬುದು ಗೊತ್ತಿರುವವನು ಮಾಡುವುದು ಕೆಲಸವಲ್ಲವಾದರೆ ಯಾವುದು ಕೆಲಸ? ನಗರದ ಈಜುಕೊಳದ ಪಕ್ಕ ಸೀಟಿ ಹಿಡಿದು ನಿಲ್ಲುವವನಿಗೆ ಲೈಫ್‌ಗಾರ್ಡ್ ಎಂಬ ಹೆಸರಿದೆ, ತರಬೇತಿ ಇದೆ. ನಮ್ಮನ್ನು ‘ಹುಡುಗ’ ಎಂದು ಕರೆಯುತ್ತಾರೆ. ‘ಏ ಹುಡುಗಾ, ನೀರು ತಗೊಂಡು ಬಾ.’ ಅದೇ ಹುಡುಗ ನೀರಿಗೆ ಇಳಿಯಬೇಡಿ ಅಂದರೆ ‘ನೀನ್ಯಾರು ಹೇಳೋಕೆ?’

ನಾನ್ಯಾರು ಎಂದು ತೋರಿಸಲು ನನ್ನ ಹತ್ತಿರ ಒಂದು ಕಾಗದವೂ ಇಲ್ಲ. ಸೀಸನ್ ಇದ್ದಾಗ ದಿನಗೂಲಿ, ಜೂನ್‌ನಲ್ಲಿ ಮಳೆ ಹಿಡಿದರೆ ‘ಕರೆಯುತ್ತೇವೆ’. ನೀರಿನಲ್ಲಿ ಬಿದ್ದವರ ಎದೆ ಒತ್ತುವುದನ್ನು ನಾನು ಕಲಿತದ್ದು ಯೂಟ್ಯೂಬ್ ನೋಡಿ. ತಪ್ಪು ಮಾಲೀಕರದು ಮಾತ್ರವಲ್ಲ. ನಾವೂ ಇದನ್ನು ಕೆಲಸವೆಂದು ಕೇಳಿದವರಲ್ಲ. ಬಯೊಡೇಟಾದಲ್ಲಿ ಎರಡು ವರ್ಷ ಖಾಲಿ ಬಿಟ್ಟು ‘ಪರೀಕ್ಷೆಗೆ ತಯಾರಿ’ ಎಂದು ಬರೆದವನು ನಾನೇ. ಕೆಪಿಎಸ್‌ಸಿ ಪುಸ್ತಕಗಳು ನನ್ನ ಕೋಣೆಯಲ್ಲೂ ಇವೆ, ಅರ್ಜಿಯನ್ನೂ ಹಾಕುತ್ತೇನೆ. ಬಸ್ಸು ಹತ್ತುವವರ ಬಗ್ಗೆ ನನಗೆ ದೂರಿಲ್ಲ. ಇಲ್ಲಿ ಉಳಿದವನು ಬಸ್ಸು ತಪ್ಪಿಸಿಕೊಂಡವನು ಎಂಬ ಮಾತನ್ನಷ್ಟೇ ಒಪ್ಪಲಾರೆ. ಪ್ರವಾಸೋದ್ಯಮದಿಂದ ಸ್ಥಳೀಯರಿಗೆ ಉದ್ಯೋಗ ಎಂದು ಭಾಷಣ ಮಾಡುವವರು ಆ ಉದ್ಯೋಗಕ್ಕೆ ತರಬೇತಿ, ಗುರುತಿನ ಚೀಟಿ, ಮಳೆಗಾಲದ ನಾಲ್ಕು ತಿಂಗಳಿಗೆ ಏನಾದರೊಂದು ದಾರಿ, ಇಷ್ಟನ್ನಾದರೂ ಸೇರಿಸಿ ಹೇಳಲಿ.

ರಾತ್ರಿ ಹೊರಡುವಾಗ ಮಾವ ಕಾರಿನ ಗಾಜು ಇಳಿಸಿದರು. ‘ಇದೆಲ್ಲ ಯಾರು ಕಲಿಸಿದ್ದು ನಿನಗೆ?’ ಎಂದು ಕೇಳಿದರು. ಯಾರೂ ಇಲ್ಲ, ನೋಡಿ ನೋಡಿ ಬಂತು ಅಂದೆ. ‘ಹ್ಞೂಂ’ ಎಂದು ಸ್ವಲ್ಪ ಹೊತ್ತು ಕೂತು, ‘ಸಂಬಳ ಜಾಸ್ತಿ ಕೇಳು’ ಅಂದರು.

ಮರುದಿನ ಮಾಲೀಕರ ಹತ್ತಿರ ಎರಡು ಕೇಳಿದೆ. ಮಕ್ಕಳ ಅಳತೆಯ ನಾಲ್ಕು ಲೈಫ್ ಜಾಕೆಟ್, ನನ್ನ ಹೆಸರಿಗೊಂದು ನೇಮಕಾತಿ ಪತ್ರ. ಜಾಕೆಟ್ ಆ ವಾರವೇ ಬಂದವು. ಪತ್ರಕ್ಕೆ ‘ಮಳೆಗಾಲ ಮುಗಿಯಲಿ, ನೋಡೋಣ’ ಅಂದಿದ್ದಾರೆ. ಅಕ್ಟೋಬರ್‌ನಲ್ಲಿ ನೀರು ಮತ್ತೆ ಜಗಲಿಯ ಹತ್ತಿರ ಬರುತ್ತದೆ. ಆಗ ಇನ್ನೊಂದು ಸಲ ಕೇಳುತ್ತೇನೆ.