ಮುಖಕ್ಕೆ ಹಚ್ಚುವ ಪಾದರಸ

ಚಿನ್ನಕ್ಕೆ ಪಾದರಸ ತಾಕಿದರೆ ಅದು ಬೆಳ್ಳಗಾಗಿ ಕೆಡುವುದೆಂಬುದನ್ನು ಅಕ್ಕಸಾಲಿಗರಷ್ಟೇ ಅಲ್ಲ, ಮನೆಯ ಹೆಂಗಸರೂ ಬಲ್ಲರು. ಮೈಬಣ್ಣವನ್ನು ಬಿಳುಪಾಗಿಸುವುದೆಂದು ಹೇಳಿ ಮಾರುವ ಕೆಲವು ಮುಖಲೇಪಗಳ ಡಬ್ಬಿಗಳ ಮೇಲೆ, ಲೇಪವನ್ನು ಬೆಳ್ಳಿಬಂಗಾರದ ಒಡವೆಗಳಿಗೆ ತಾಕಿಸಬಾರದೆಂಬ ಸೂಚನೆ ಇರುವುದುಂಟು. ಅಂತಹ ಸೂಚನೆಯು ಒಳಗೆ ಪಾದರಸವಿರುವುದರ ಕುರುಹಾಗಿರಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯವರು ತಿಳಿಸಿದ್ದಾರೆ. ಬಳೆಯನ್ನು ಕಾಪಾಡುವುದರಲ್ಲಿ ಇಷ್ಟು ಜಾಗರೂಕನಾದ ತಯಾರಕನು ಬಳೆ ತೊಟ್ಟವಳ ದೇಹವನ್ನು ಕುರಿತು ಒಂದು ಮಾತನ್ನೂ ಅಚ್ಚು ಮಾಡಿಸುವುದಿಲ್ಲ.

ಇದು ಬರಿಯ ಊಹೆಯ ಭಯವಲ್ಲ. ನೆರೆಯ ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ ಪಟ್ಟಣದಲ್ಲಿ ೨೦೨೧ರ ಜುಲೈ ತಿಂಗಳಿನಿಂದ ೨೦೨೩ರ ಸೆಪ್ಟೆಂಬರ್ ವರೆಗೆ ಮೂತ್ರಪಿಂಡದ ಒಂದು ವ್ಯಾಧಿಗೆ ತುತ್ತಾದ ೨೨ ಜನರ ವಿಷಯವನ್ನು ವೈದ್ಯರು ವಿಚಾರಿಸಿ ಪ್ರಕಟಿಸಿದ್ದಾರೆ. ರಕ್ತವನ್ನು ಸೋಸುವ ಪೊರೆಯು ಕೆಟ್ಟು, ದೇಹಕ್ಕೆ ಬೇಕಾದ ಪ್ರೋಟೀನು ಮೂತ್ರದೊಡನೆ ಹೊರಟುಹೋಗುವುದೂ, ಕೈಕಾಲುಗಳು ಬಾತುಕೊಳ್ಳುವುದೂ ಈ ವ್ಯಾಧಿಯ ಲಕ್ಷಣಗಳು. ಆ ೨೨ ಜನರಲ್ಲಿ ೧೫ ಜನರಿಗೆ ಅದು ಸಾಮಾನ್ಯವಾಗಿ ಕಾಣದ ಒಂದು ರೂಪದಲ್ಲಿ ಬಂದಿತ್ತು; ಆ ೧೫ರಲ್ಲಿ ೧೩ ಜನರು ರೋಗ ತಲೆದೋರುವ ಮೊದಲು ಬಿಳುಪಿನ ಲೇಪಗಳನ್ನು ಹಚ್ಚಿಕೊಳ್ಳುತ್ತಿದ್ದರೆಂದು ತಿಳಿದುಬಂದಿತು. ಒಬ್ಬರಿಗೆ ಮಿದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತು. ಲೇಪವನ್ನು ಬಿಟ್ಟ ಮೇಲೆ ಹೆಚ್ಚಿನವರು ಚೇತರಿಸಿಕೊಂಡರೆಂಬುದೊಂದೇ ಸಮಾಧಾನ.

ಚರ್ಮಕ್ಕೆ ಹಚ್ಚಿದ್ದು ಮೂತ್ರಪಿಂಡಕ್ಕೆ ಹೇಗೆ ಹೋಯಿತೆಂದು ಓದುಗರು ಕೇಳಬಹುದು. ಚರ್ಮಕ್ಕೆ ಕಪ್ಪನ್ನು ಕೊಡುವ ಮೆಲನಿನ್ ಎಂಬ ವಸ್ತುವು ಚರ್ಮದಲ್ಲಿಯೇ ಉಂಟಾಗುತ್ತದೆ. ಅದನ್ನು ಉಂಟುಮಾಡುವ ಕಿಣ್ವವನ್ನು ಪಾದರಸದ ಲವಣಗಳು ತಡೆಯುತ್ತವೆ. ಅವೇ ಲವಣಗಳು ಚರ್ಮದ ಮೂಲಕ ರಕ್ತಕ್ಕಿಳಿದು ಮೂತ್ರಪಿಂಡಗಳಲ್ಲಿ ಸೇರಿಕೊಳ್ಳುತ್ತವೆ. ಆದುದರಿಂದ ಕನ್ನಡಿಯಲ್ಲಿ ಕೆಲವು ವಾರಗಳೊಳಗೆ ಫಲ ಕಾಣುವುದೇನೋ ನಿಜ. ಹೆಚ್ಚಿನ ಅಪಾಯವೂ ಇದರಲ್ಲಿಯೇ ಇದೆ. ಫಲ ಕೊಡದ ಮದ್ದನ್ನು ಜನರು ಬೇಗನೆ ಬಿಟ್ಟುಬಿಡುತ್ತಾರೆ. ಫಲ ಕೊಡುವ ವಿಷವನ್ನು ತಂಗಿಗೂ ಗೆಳತಿಗೂ ಹೇಳಿಕೊಡುತ್ತಾರೆ. ಹಚ್ಚಿಕೊಂಡವರೊಬ್ಬರಿಗೇ ಇದು ನಿಲ್ಲುವುದಿಲ್ಲ. ಒಂದೇ ಟವೆಲು, ಒಂದೇ ದಿಂಬುಗಳ ಮೂಲಕ ಮಕ್ಕಳಿಗೂ ಪಾದರಸ ತಗಲುವುದುಂಟು.

ಇದನ್ನು ತಡೆಯಲು ಕಾನೂನಿಲ್ಲವೆನ್ನುವಂತಿಲ್ಲ. ೧೯೪೦ರ ಔಷಧ ಕಾಯಿದೆಗೆ ೧೯೬೨ರ ತಿದ್ದುಪಡಿಯಿಂದ ಸೌಂದರ್ಯದ್ರವ್ಯಗಳೂ ಸೇರಿದುವು. ೨೦೨೦ರ ಸೌಂದರ್ಯದ್ರವ್ಯ ನಿಯಮಗಳ ಪ್ರಕಾರ, ಕಣ್ಣಿಗೆ ಹಚ್ಚುವವುಗಳನ್ನು ಬಿಟ್ಟು ಉಳಿದವುಗಳಲ್ಲಿ ಅರಿಯದೆ ಸೇರಿಹೋಗುವ ಪಾದರಸವು ಹತ್ತು ಲಕ್ಷ ಪಾಲಿಗೆ ಒಂದು ಪಾಲನ್ನು ಮೀರಕೂಡದು. ಪಾದರಸದ ವಿಷಯದಲ್ಲಿ ರಾಷ್ಟ್ರಗಳು ಮಾಡಿಕೊಂಡಿರುವ ಮಿನಮಾಟ ಒಪ್ಪಂದಕ್ಕೆ ೨೦೧೮ರಲ್ಲಿ ನಮ್ಮ ದೇಶವೂ ಸೇರಿತು. ಪಾದರಸ ಬೆರೆಸಿದ ಯಾವ ಸೌಂದರ್ಯದ್ರವ್ಯವನ್ನೂ ೨೦೨೫ರ ಬಳಿಕ ತಯಾರಿಸಕೂಡದು, ದೇಶದಿಂದ ದೇಶಕ್ಕೆ ಸಾಗಿಸಕೂಡದು ಎಂದು ೨೦೨೩ರಲ್ಲಿ ಜಿನೀವಾದಲ್ಲಿ ಕೂಡಿದ ಸಭೆಯು ನಿರ್ಣಯಿಸಿತು.

ಹೀಗಿದ್ದೂ ಕೇರಳದ ಔಷಧ ನಿಯಂತ್ರಣಾಧಿಕಾರಿಗಳು ೨೦೨೩ರಲ್ಲಿ 'ಆಪರೇಷನ್ ಸೌಂದರ್ಯ' ಎಂಬ ಹೆಸರಿನಿಂದ ಅಂಗಡಿಗಳ ತಪಾಸಣೆಯನ್ನು ಆರಂಭಿಸಿ, ಅನುಮತಿಯಿಲ್ಲದ ಸರಕನ್ನು ಹಿಡಿಯಬೇಕಾಯಿತು. ಅದರ ಮುಂದಿನ ಹಂತದಲ್ಲಿ ಮಿತಿಯ ೧೨,೦೦೦ ಪಟ್ಟು ಪಾದರಸವು ಕಂಡುಬಂದಿತೆಂದು ೨೦೨೫ರ ಆರಂಭದಲ್ಲಿ ಪ್ರಕಟವಾಯಿತು. ಲೆಕ್ಕ ಹಾಕಿ ನೋಡಿದರೆ ನೂರು ಪಾಲಿಗೆ ಒಂದು ಪಾಲಿಗೂ ಮಿಕ್ಕು! ಇಷ್ಟು ಪಾದರಸವು ಗಾಳಿಯಿಂದಲೋ ನೀರಿನಿಂದಲೋ ಬಂದು ಸೇರತಕ್ಕದ್ದಲ್ಲ. ಯಾರೋ ಅದನ್ನು ತೂಗಿ ಬೆರೆಸಿದ್ದಾರೆ.

ಕಾನೂನಿನಲ್ಲಿಯೂ ಒಂದು ದೊಡ್ಡ ಕಂಡಿಯುಂಟು. ತಯಾರಿಸುವವನಿಗೆ ಲೈಸೆನ್ಸು ಬೇಕು, ಹೊರದೇಶದಿಂದ ತರಿಸುವವನು ಸರಕನ್ನು ನೋಂದಾಯಿಸಬೇಕು; ಆದರೆ ಅಂಗಡಿಯಲ್ಲಿಟ್ಟು ಮಾರುವವನಿಗೆ, ಔಷಧ ಮಾರುವವನಿಗಿರುವಂತೆ, ಲೈಸೆನ್ಸಿನ ಕಟ್ಟಿಲ್ಲ. ಕಳೆದುಕೊಳ್ಳುವ ಲೈಸೆನ್ಸೇ ಇಲ್ಲದವನಿಗೆ ಅದರ ಅಂಜಿಕೆಯೆಲ್ಲಿ? ತಯಾರಕನ ವಿಳಾಸವಿಲ್ಲದ ಡಬ್ಬಿಯೂ ಆತನ ಕಪಾಟಿನಲ್ಲಿ ಒಳ್ಳೆಯ ಸಾಬೂನಿನ ಪಕ್ಕದಲ್ಲಿ ಕುಳಿತಿರುತ್ತದೆ.

ಬಿಳುಪಿನ ಮೋಹಕ್ಕೆ ಬಿದ್ದವರು ಅದರ ಫಲವನ್ನು ಉಣ್ಣಲಿ ಎಂದು ಹೇಳುವ ಮಹನೀಯರೂ ನಮ್ಮಲ್ಲಿದ್ದಾರೆ. ಆ ಮೋಹವನ್ನು ಹುಟ್ಟಿಸಿದವರು ಯಾರು? ಹೆಣ್ಣು ನೋಡಲು ಬಂದವರು ಮೊದಲು ಕೇಳುವುದು ಬಣ್ಣವನ್ನು. 'ಗೌರವರ್ಣದ ವಧು ಬೇಕು' ಎಂಬ ಜಾಹೀರಾತುಗಳನ್ನು ಹಣ ಪಡೆದು ಅಚ್ಚು ಹಾಕಿದ ಪತ್ರಿಕೆಗಳೂ ಈ ಪಾಪದಲ್ಲಿ ಭಾಗಿಗಳೇ ಎಂಬುದನ್ನು ಪತ್ರಿಕಾವೃತ್ತಿಯವರಾದ ನಾವು ಸಂಕೋಚದಿಂದಲೇ ಒಪ್ಪಿಕೊಳ್ಳುತ್ತೇವೆ. ಹತ್ತು ಕಡೆ ಬೇಡವೆನಿಸಿಕೊಂಡ ಹುಡುಗಿಯು ಹನ್ನೊಂದನೆಯವರು ಬರುವ ಮೊದಲು ಡಬ್ಬಿಯನ್ನು ಕೊಂಡಳೆಂದು ಆಕೆಯನ್ನು ದೂಷಿಸುವುದು ಸುಲಭ.

ಕಾಯಿದೆಯ ೨೬ನೆಯ ಪ್ರಕರಣವನ್ನು ನಮ್ಮ ಓದುಗರು ತಿಳಿದಿರುವುದೊಳ್ಳೆಯದು. ಯಾವನೇ ಗ್ರಾಹಕನು, ಅಥವಾ ಮನ್ನಣೆ ಪಡೆದ ಗ್ರಾಹಕರ ಸಂಘವು, ತಾನು ಕೊಂಡ ಸೌಂದರ್ಯದ್ರವ್ಯವನ್ನು ಗೊತ್ತಾದ ಶುಲ್ಕ ತೆತ್ತು ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿ, ಅವರ ಸಹಿಯುಳ್ಳ ವರದಿಯನ್ನು ಪಡೆಯುವ ಹಕ್ಕು ಅಲ್ಲಿದೆ. ನಮ್ಮ ಮಹಿಳಾ ಸಮಾಜಗಳೂ ಗ್ರಾಹಕ ಸಂಘಗಳೂ ಕೂಡಿ ಊರಿಗೆ ಹತ್ತು ಡಬ್ಬಿಗಳನ್ನು ಕೊಂಡು ಈ ಹಕ್ಕನ್ನು ಚಲಾಯಿಸಿದರೆ ಅದು ಸಣ್ಣ ದೇಶಸೇವೆಯೇನಲ್ಲ.

ಆದರೆ ಸರ್ಕಾರವು ಮಾಡಬೇಕಾದುದನ್ನು ಪ್ರಜೆಗಳ ತಲೆಗೆ ಕಟ್ಟುವುದು ನಮ್ಮ ಅಭಿಪ್ರಾಯವಲ್ಲ. ವಿಷದ ಸರಕಿಗೆ ರಾಜ್ಯದ ಗಡಿಯ ಪರಿವೆಯಿಲ್ಲ. ಕೇರಳದಲ್ಲಿ ಹುಡುಕಿದವರಿಗೆ ಅದು ಸಿಕ್ಕಿತು. ಕರ್ನಾಟಕದ ಔಷಧ ನಿಯಂತ್ರಣಾಧಿಕಾರಿಗಳು ಮಂಗಳೂರು, ಹುಬ್ಬಳ್ಳಿ, ಕಲಬುರ್ಗಿ, ಬೆಂಗಳೂರುಗಳ ಪೇಟೆಗಳಿಂದಲೂ, ಅಂಚೆಯಲ್ಲಿ ಮನೆಬಾಗಿಲಿಗೆ ಬರುವ ಸರಕಿನಿಂದಲೂ ಮಾದರಿಗಳನ್ನು ವರ್ಷವರ್ಷವೂ ತಾವೇ ಕೊಂಡು ಪರೀಕ್ಷಿಸಿ, ಡಬ್ಬಿಯ ಹೆಸರು, ತಯಾರಕನ ಹೆಸರು, ಸಿಕ್ಕಿದ ಪಾದರಸದ ಪ್ರಮಾಣ, ಇವು ಮೂರನ್ನೂ ಕನ್ನಡದಲ್ಲಿ ಪ್ರಕಟಿಸಬೇಕು. ಅಂತಹ ಪಟ್ಟಿಯನ್ನು ಕಳುಹಿಸಿಕೊಟ್ಟರೆ ಜಾಹೀರಾತಿನ ಲಾಭನಷ್ಟವನ್ನು ನೋಡದೆ ಅದನ್ನು ಈ ಪುಟದಲ್ಲಿ ಅಚ್ಚು ಮಾಡಲು ನಾವು ಸಿದ್ಧರಾಗಿದ್ದೇವೆ.