ಪದ ಪರಿಚಯ: ಪ್ರತಿಪಾದಿಸು

ಮಕ್ಕಳೇ, “ದೇವದುರ್ಗದಲ್ಲಿ ಬಿಸಿಲು ಹೆಚ್ಚು”, “ಇಲ್ಲ, ಮಾನ್ವಿಯಲ್ಲೇ ಹೆಚ್ಚು” ಎಂದು ದನಿ ಏರಿಸಿದರೆ ಅದು ಬರೀ ಹಠ. ಆಧಾರ ಮುಂದಿಟ್ಟು ಗಟ್ಟಿಯಾಗಿ ಹೇಳಿದರೆ ಅದು ಪ್ರತಿಪಾದಿಸುವುದು.

ಹಳೆಯ ಬಂಡೆ ಶಾಸನಗಳಲ್ಲಿ ಬರುವ ‘ದೇವಾನಾಂಪ್ರಿಯ’ನೇ ಅಶೋಕ ಎಂದು ವಿದ್ವಾಂಸರು ಸಿಂಹಳದ ಗ್ರಂಥಗಳ ಆಧಾರದಿಂದ ಪ್ರತಿಪಾದಿಸಿದ್ದರು. 1915ರಲ್ಲಿ ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಸಿಕ್ಕ ಶಾಸನದಲ್ಲಿ ‘ಅಶೋಕ’ ಎಂಬ ಹೆಸರೇ ಇತ್ತು! ಅದು ಅವರ ಮಾತನ್ನು ದೃಢಪಡಿಸಿತು. ಪ್ರತಿಪಾದಿಸುವವರು ಮನುಷ್ಯರು, ದೃಢಪಡಿಸುವುದು ಸಾಕ್ಷಿ.

ಬ್ಯಾಂಕಿನಲ್ಲೂ ಅಷ್ಟೇ. “ಹಣ ಕಟ್ಟಿದ್ದೇನೆ” ಎಂದು ಎಷ್ಟು ಜೋರಾಗಿ ಹೇಳಿದರೂ, ರಸೀದಿ ತೋರಿಸಿದಾಗಲೇ ಮಾತಿಗೆ ತೂಕ.

ಅಜ್ಜ-ಅಜ್ಜಿಯರೇ, ಮೊಮ್ಮಕ್ಕಳು ಏನಾದರೂ ಪ್ರತಿಪಾದಿಸಿದರೆ ಗದರಬೇಡಿ, “ಆಧಾರ ಏನು?” ಎಂದು ಕೇಳಿ. ಅವರೂ ನಿಮ್ಮನ್ನು ಹಾಗೆಯೇ ಕೇಳಲಿ.